ಎಲೆ ಅಡಿಕೆಯ ಮೇಲಿಟ್ಟ ಮುಂಗಡ

ಮದ್ರಾಸಿನಲ್ಲಿ ನಮ್ಮಂಥವರಿಗೆ ಮೋಸ ಮಾಡಲು ದೊಡ್ಡ ಜಾಣತನವೇನೂ ಬೇಕಿರಲಿಲ್ಲ. ಧಾರವಾಡದ ಕಡೆಯ ಕನ್ನಡ ನಾಲ್ಕು ಮಾತು ಬಂದರೆ ಸಾಕಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರದ ಓಣಿಯೊಂದರಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ ವಿಮಾ ಕಚೇರಿಯಲ್ಲಿ ಗುಮಾಸ್ತರು. ನಾನು ಆಗಷ್ಟೇ ಟೈಪಿಸ್ಟ್ ಆಗಿ ಕೆಲಸಕ್ಕೆ ಸೇರಿದ್ದೆ. ಮಾಧವರಂನಲ್ಲಿ ಸೈಟು ಕೊಂಡು, ಕಚೇರಿಯ ಸಾಲದಲ್ಲಿ ಅಪ್ಪ ಮನೆ ಕಟ್ಟಿಸಲು ಶುರು ಮಾಡಿದ್ದರು. ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ದಿನಗಳು ಅವು. ಕಾಳಸಂತೆಯಲ್ಲಿ ಕೊಂಡು ಕೊಂಡು, ಗೋಡೆ ಏಳುವಷ್ಟರಲ್ಲಿ ಸಾಲದ ಹಣ ಖಾಲಿ. ತಾರಸಿ ಹಾಕುವುದೊಂದು ಬಾಕಿ ಉಳಿಯಿತು. ಭಾನುವಾರ ಬಂತೆಂದರೆ ಅವ್ವ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ತಲೆಯ ಮೇಲೆ ಬರಿಯ ಆಕಾಶವಿದ್ದ ಅಡುಗೆಮನೆಯಲ್ಲಿ ನಿಂತು, ಒಲೆ ಎಲ್ಲಿಡಬೇಕು, ಜೋಳದ ಹಿಟ್ಟಿನ ಡಬ್ಬಿ ಎಲ್ಲಿಡಬೇಕು ಎಂದು ಜಾಗ ಗೊತ್ತು ಮಾಡಿಕೊಂಡು ಬರುತ್ತಿದ್ದಳು.

ಆ ಹೊತ್ತಿಗೆ ವಕ್ಕರಿಸಿದ ಅವನು. ಸೋಮವಾರದ ಸಂಜೆ ನಮ್ಮ ಕಡೆಯ ಕೆಲವು ಮನೆಗಳವರು ಭಜನೆಗೆ ಸೇರುತ್ತಿದ್ದೆವು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಲ್ಲಿಗೆ ಬಂದು ಕೂತ. ಪ್ಯಾರಿಸ್ ಕಾರ್ನರ್ ಹತ್ತಿರದ ಸಾಹುಕಾರನೊಬ್ಬ ಮನೆ ಅಡವಿಟ್ಟುಕೊಂಡು ಸಾಲ ಕೊಡುತ್ತಾನೆ, ತಾನು ಅವನ ಏಜೆಂಟು ಎಂದು ಹೇಳಿಕೊಂಡ. ಮುಂದಿನ ವಾರ ನಮ್ಮ ಮನೆಯಲ್ಲೇ ಊಟಕ್ಕೆ ಕೂತಿದ್ದ.

“ಅಕ್ಕಾರ, ಇಂಥಾ ರೊಟ್ಟಿ ತಿಂದು ಭಾಳ ವರ್ಷ ಆಗಿತ್ರಿ,” ಎಂದ. ಅವ್ವ ಅಲ್ಲೇ ಕರಗಿ ನೀರಾದಳು.

ಊಟವಾದ ಮೇಲೆ ಮಾತು ಹಣಕ್ಕೆ ಬಂತು. ಪತ್ರ ನೋಡುವ ವಕೀಲರ ಖರ್ಚು, ಮನೆಗೆ ಬೆಲೆ ಕಟ್ಟುವ ಇಂಜಿನಿಯರನ ಖರ್ಚು, ಸಾಹುಕಾರನಿಗೆ ನಂಬಿಕೆ ಬರಲೆಂದು ಒಂದಿಷ್ಟು ಮುಂಗಡ, ಇಷ್ಟನ್ನು ಮೊದಲು ಕೊಡಬೇಕು. ಸಾಲ ಹದಿನೈದು ದಿನದಲ್ಲಿ ಕೈಗೆ ಬರುತ್ತದೆ.

ಅವನು ಹೋದದ್ದೇ ನಾನು ಕೇಳಿದೆ: “ಅಪ್ಪಾ, ಸಾಲಾ ಕೊಡಾಂವ ತನ್ನ ಖರ್ಚು ಸಾಲದಾಗ ಹಿಡ್ಕೋಬೇಕು. ಸಾಲಾನ ಬಂದಿಲ್ಲ, ನಾವ್ಯಾಕ ಮೊದಲ ಕೊಡಬೇಕು? ಆ ಸಾಹುಕಾರನ್ನರ ಒಮ್ಮೆ ನೋಡೂಣು.”

“ಸುಮ್ನಿರವಾ. ನಮ್ಮಾಂವ ಅದಾನ,” ಎಂದರು ಅಪ್ಪ.

ನಮ್ಮವನಂತೆ! ಕಚೇರಿಯಲ್ಲಿ ಗಂಡ ಸತ್ತ ಹೆಂಗಸು ಬಂದು ಅತ್ತರೂ, ಕಾಗದ ಸರಿಯಿಲ್ಲದಿದ್ದರೆ ನಾಳೆ ಬಾ ಎನ್ನುತ್ತಿದ್ದ ಮನುಷ್ಯ ಅಪ್ಪ. ಇವನ ಹತ್ತಿರ ಒಂದು ರಸೀದಿ ಕೇಳಲು ಅವರಿಗೆ ಬಾಯಿ ಬರಲಿಲ್ಲ. ಬರದ ಹಾಗೆ ಅವನೇ ಮಾಡಿದ್ದ. “ಶುಭ ಕೆಲಸಾರಿ, ಕೈಯಾಗ ಬ್ಯಾಡ, ಎಲಿ ಅಡಕಿ ಮ್ಯಾಲ ಇಟ್ಟು ಕೊಡ್ರಿ,” ಎಂದಿದ್ದ. ಅವ್ವ ತನ್ನ ಬಳೆ ಮಾರಿದ ಹಣವನ್ನು ತಟ್ಟೆಯಲ್ಲಿ ಎಲೆ ಅಡಿಕೆಯ ಮೇಲಿಟ್ಟು ಕೊಟ್ಟಳು. ತಾಂಬೂಲವೆಂದು ಕೊಟ್ಟದ್ದಕ್ಕೆ ನಮ್ಮಲ್ಲಿ ಯಾರು ರಸೀದಿ ಕೇಳುತ್ತಾರೆ? ಆ ಕಳ್ಳನಿಗೆ ನಮ್ಮ ಪದ್ಧತಿ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಹದಿನೈದು ದಿನ ಹೋಗಿ ತಿಂಗಳುಗಳಾದವು. ಸಾಹುಕಾರ ಊರಲ್ಲಿಲ್ಲ, ವಕೀಲರಿಗೆ ಮೈಗೆ ಹುಷಾರಿಲ್ಲ ಎಂದೆಲ್ಲ ನೆಪ ಹೇಳಿ, ಕೊನೆಗೆ ಬರುವುದನ್ನೇ ಬಿಟ್ಟ. ಅವನು ಹೇಳಿದ್ದ ವಿಳಾಸ ಹುಡುಕಿಕೊಂಡು ನಾನೂ ಅಪ್ಪನೂ ಪ್ಯಾರಿಸ್ ಕಾರ್ನರ್‌ಗೆ ಹೋದೆವು. ಅಲ್ಲಿ ಛತ್ರಿ ರಿಪೇರಿಯ ಅಂಗಡಿಯಿತ್ತು, ಸಾಹುಕಾರ ಇರಲಿಲ್ಲ. ಪೊಲೀಸರಿಗೆ ಹೇಳೋಣ ಎಂದೆ. ಅದು ಬೇಡವಾದರೆ ಸೋಮವಾರದ ಭಜನೆಯವರಿಗಾದರೂ ಹೇಳೋಣ ಎಂದೆ. ಬಸ್ಸಿನಲ್ಲಿ ಅಪ್ಪ ಆ ಕಡೆ ಮುಖ ತಿರುಗಿಸಿ, “ಯಾರಿಗೂ ಹೇಳಬ್ಯಾಡ, ಮರ್ಯಾದಿ ಪ್ರಶ್ನೆ,” ಎಂದರು. ಮೋಸ ಮಾಡಿದವನು ಎದೆ ಸೆಟೆಸಿಕೊಂಡು ಓಡಾಡಬೇಕು, ಮೋಸ ಹೋದವರು ಬಾಯಿ ಮುಚ್ಚಿಕೊಂಡಿರಬೇಕು! ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

ಅಪ್ಪ ಬಾಯಿ ಬಿಡುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಇಲ್ಲದಿದ್ದರೆ ಅದೇ ಮಂದಿಯ ನಡುವೆ ಮತ್ತೆ ಕಾಲಿಡುತ್ತಿದ್ದನೇ? ಒಂದು ಸೋಮವಾರ ರೈಲ್ವೆಯವರೊಬ್ಬರ ಮನೆಗೆ ಭಜನೆಗೆ ಹೋದರೆ, ನಡುಮನೆಯಲ್ಲಿ ಅವನೇ ಕೂತಿದ್ದ. ಆ ರೈಲ್ವೆಯವರದೂ ಮನೆ ಅರ್ಧಕ್ಕೆ ನಿಂತಿತ್ತು. ಅವರ ಹೆಂಡತಿ ತಟ್ಟೆ ಹಿಡಿದುಕೊಂಡು ಬಂದರು. ಎಲೆ, ಅಡಿಕೆ, ಮೇಲೆ ನೋಟುಗಳು.

ಸಿಟ್ಟು ಬಂದರೆ ನನಗೆ ಬರುವುದು ತಮಿಳೇ. “ತಿರುಡನ್!” ಎಂದು ಕಿರುಚಿದೆ. ಅವನು ಕಳ್ಳ, ನಮ್ಮ ಮುಂಗಡ ನುಂಗಿದ್ದಾನೆ, ಕೊಡಬೇಡಿ ಎಂದು ಕನ್ನಡದಲ್ಲೂ ಹೇಳಿದೆ.

ಅವನು ಕೂತಲ್ಲಿಂದ ಅಲುಗಲಿಲ್ಲ. ಅಪ್ಪನ ಕಡೆ ತಿರುಗಿ, “ಏನ್ರಿ ಸಾಹೇಬ್ರ, ನಿಮ್ಮ ಕಡಿಂದ ನಾ ರೊಕ್ಕಾ ಇಸ್ಕೊಂಡೇನೇನ್ರಿ? ಎಲ್ಲಾರ ಮುಂದ ಹೇಳ್ರಿ,” ಎಂದ.

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ನೆಲ ನೋಡಿದರು. “ಇಲ್ರಿ. ಹುಡುಗಿ ಏನೋ ತಪ್ಪು ತಿಳ್ಕೊಂಡಾಳ,” ಎಂದರು.

ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಬೋಳು ಕೈ ನನ್ನ ಕಣ್ಣಿಗೆ ಬಿತ್ತು. ಮುಂದೆ ಹೋಗಿ ತಟ್ಟೆಗೆ ಕೈ ಹಾಕಿ, ನೋಟುಗಳನ್ನೆಲ್ಲ ಬಾಚಿ ಆ ಮನೆಯಾಕೆಯ ಸೆರಗಿಗೆ ತುರುಕಿದೆ. ಎಲೆ ಅಡಿಕೆ ನೆಲದ ಪಾಲಾಯಿತು. ಕೂತವರೆಲ್ಲ ಹಾ ಎಂದರು. ಇಂಥ ಮರ್ಯಾದೆ ಇಲ್ಲದ ಕಡೆ ಕೂಡುವುದಿಲ್ಲ ಎಂದು ಗೊಣಗುತ್ತಾ ಅವನು ಎದ್ದು ಚಪ್ಪಲಿ ಮೆಟ್ಟಿದ. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಮಾಧವರಂನ ಗೋಡೆಗಳು ಎರಡು ಮಳೆಗಾಲ ನೆನೆದವು. ಆಮೇಲೆ ಸೈಟಿನ ಬೆಲೆಗೇ ಮಾರಿದೆವು. ರೈಲ್ವೆಯವರು ಸೆರಗಿನಲ್ಲಿ ಉಳಿದ ಆ ಹಣಕ್ಕೆ ಸೊಸೈಟಿಯ ಸಾಲ ಸೇರಿಸಿ ತಾರಸಿ ಹಾಕಿಸಿದರು. ಗೃಹಪ್ರವೇಶಕ್ಕೆ ಸೋಮವಾರದ ಮನೆಗಳನ್ನೆಲ್ಲ ಕರೆದರು, ನಮ್ಮೊಂದನ್ನು ಬಿಟ್ಟು. ತಾಂಬೂಲಕ್ಕೆ ಕೈ ಹಾಕಿದ ಹುಡುಗಿಯ ಮನೆ ಎಂದರಂತೆ.

ಆ ದಿನ ಬೆಳಿಗ್ಗೆ ಅಪ್ಪ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಧೋತರ ಉಟ್ಟು, ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು ಕೂತರು. ಕೊನೆ ಗಳಿಗೆಯಲ್ಲಾದರೂ ಯಾರಾದರೂ ಕರೆಯಲು ಬಂದಾರೆಂಬ ಆಸೆ. ಮಧ್ಯಾಹ್ನವಾದರೂ ಏಳಲಿಲ್ಲ. ನನಗೆ ಆ ಮನುಷ್ಯನನ್ನು ನೋಡಿ ಅಯ್ಯೋ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ.

ಅವ್ವ ಒಳಗಿನಿಂದ ಬಂದು ಬಾಗಿಲು ಮುಂದೆ ಮಾಡಿದಳು.

“ಏಳ್ರಿ, ಊಟಾ ಮಾಡ್ರಿ, ಯಾರೂ ಬರೂದಿಲ್ಲ,” ಎಂದಳು. “ಎಲ್ಲಾರ ಮುಂದ ‘ಇಲ್ರಿ’ ಅಂದ್ರೆಲ್ಲಾ, ಅವತ್ತ ನನ್ನ ಪಾಲಿಗೆ ಈ ಬಾಗಲಾ ಮುಚ್ಚಿತ್ತು.”