ಹುಲ್ಲುಗಾಡಿಯ ಮುಂದೆ ಇಟ್ಟ ನಿಂಬೆಹಣ್ಣು

ಅತಿಥಿಗೃಹದ ಮುಂದಿನ ಹುಲ್ಲುಹಾಸಿನ ಮೇಲೆ ಬಿದ್ದ ಆ ಪಟ್ಟೆಗಳನ್ನು ನಾನು ಮೊದಲು ನೋಡಿದ್ದು ನಮ್ಮ ಕ್ವಾರ್ಟರ್ಸಿನ ಅಡುಗೆಮನೆ ಕಿಟಕಿಯಿಂದ. ಒಂದು ಹಸಿರು, ಒಂದು ಕಂದು, ಮತ್ತೆ ಹಸಿರು, ಮತ್ತೆ ಕಂದು. ಬಿಸಿಲಿಗೆ ಹರವಿದ ಜಮಖಾನೆಯಂತಿತ್ತು. ಚೆಂದವಾಗಿದೆಯಲ್ಲ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆಮೇಲೆ ಆ ಪಟ್ಟೆಗಳ ನಡುವೆ ನಮ್ಮವರು ಕುಕ್ಕರಗಾಲಲ್ಲಿ ಕೂತು ಎರಡೂ ಕೈ ತಲೆಯ ಮೇಲೆ ಹೊತ್ತದ್ದು ಕಂಡಿತು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರು ಮುನಿರಾಬಾದಿನ ಡ್ಯಾಂ ಕಾಲೋನಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಪಂಪು, ಜೀಪು, ಜನರೇಟರು, ಏನು ಕೆಟ್ಟರೂ ಇವರ ಹತ್ತಿರವೇ ಬರುತ್ತಿತ್ತು. ಅವುಗಳ ಜೊತೆಗೊಂದು ಹುಲ್ಲು ಕತ್ತರಿಸುವ ಗಾಡಿಯೂ ಇತ್ತು. ಯಾವ ಕಾಲದಲ್ಲಿ ಯಾವ ದೇಶದಿಂದ ಬಂದದ್ದೋ, ಕೂತು ಓಡಿಸುವಂಥದು. ನೋಡಲು ಆಡಿನ ಮರಿಯಷ್ಟಿದ್ದರೂ ಸದ್ದು ಮಾತ್ರ ಟ್ರ್ಯಾಕ್ಟರಿನದು. ಅದರ ಹೊಟ್ಟೆಯ ಕೆಳಗೆ ಬೋರಲು ಹಾಕಿದ ಪರಾತದಂಥ ಅಗಲವಾದ ಕಬ್ಬಿಣದ ತಟ್ಟೆ ನಾಲ್ಕು ಕಡ್ಡಿಗಳಿಂದ ತೂಗುತ್ತಿತ್ತು. ಹುಲ್ಲು ಕೊಯ್ಯುವ ಬ್ಲೇಡುಗಳು ಆ ತಟ್ಟೆಯೊಳಗೇ ತಿರುಗುತ್ತಿದ್ದವು. ಬೆಲ್ಟು ಹರಿದಿತ್ತೆಂದು ಆ ವಾರ ತಟ್ಟೆ ಇಳಿಸಿ, ಹೊಸ ಬೆಲ್ಟು ಹಾಕಿ, ಮತ್ತೆ ತೂಗುಹಾಕಿದವರು ಇವರೇ. ಶುಕ್ರವಾರ ಗಾಡಿ ಹೊರಟಿತು. ಎಡಗಡೆ ಹುಲ್ಲು ಬೆರಳುದ್ದ ಉಳಿಯಿತು. ಬಲಗಡೆ ಮಣ್ಣು ಕಾಣುವಂತೆ ಬೋಳಾಯಿತು. ಮಾಲಿ ಅರ್ಧ ಅಂಗಳ ಮುಗಿಸಿ ಹಿಂತಿರುಗಿ ನೋಡುವ ಹೊತ್ತಿಗೆ ಅನಾಹುತ ಆಗಿಹೋಗಿತ್ತು.

ಇವರ ಮೇಲಿನ ಸಾಹೇಬರು ಮೈಸೂರು ಕಡೆಯವರು. ಅವರ ಮಾತು ನಮ್ಮ ಹಿತ್ತಿಲವರೆಗೂ ಕೇಳುತ್ತಿತ್ತು.

"ಏನಯ್ಯಾ ಇದು? ಹುಲ್ಲು ಕತ್ತರಿಸು ಅಂದ್ರೆ ಕ್ಷೌರ ಮಾಡಿಸಿದ್ದೀಯಲ್ಲ, ಅದೂ ಅರ್ಧ ತಲೆಗೆ! ಸೋಮವಾರ ಬೆಂಗಳೂರಿಂದ ದೊಡ್ಡ ಸಾಹೇಬರು ಬರ್ತಾರೆ. ಉಳಿದ ಅರ್ಧನಾದ್ರೂ ಸಮವಾಗಿರಬೇಕು. ಇಲ್ಲಾಂದ್ರೆ ಯಲಬುರ್ಗಾಕ್ಕೆ ಒಬ್ಬ ಮೆಕ್ಯಾನಿಕ್ ಬೇಕು ಅಂತ ಕೇಳ್ತಿದಾರೆ, ನಿನ್ನ ಹೆಸರನ್ನೇ ಬರೆದು ಕಳಿಸ್ತೀನಿ."

ಯಲಬುರ್ಗಾ ಕೆಟ್ಟ ಊರೇನಲ್ಲ. ಆದರೆ ನನಗಾಗ ಆರು ತಿಂಗಳು. ಅದಕ್ಕೂ ಮುಂಚೆ ಎರಡು ಸಲ ನಿಂತು, ಎರಡು ಸಲವೂ ನಾಲ್ಕು ತಿಂಗಳಿಗೇ ಹೋಗಿತ್ತು. ಈ ಸಲ ಕಾಲೋನಿಯ ಆಸ್ಪತ್ರೆಯ ಲೇಡಿ ಡಾಕ್ಟರು ಗರ್ಭ ಜಾರದಂತೆ ಒಳಗೊಂದು ಹೊಲಿಗೆ ಹಾಕಿ, "ನೋಡಮ್ಮಾ, ಹೆರಿಗೆ ಆಗೋತನಕ ಬಸ್ಸು ಹತ್ತಬಾರದು. ನೋವು ಬಂದ ಕೂಡಲೇ ಈ ಹೊಲಿಗೆ ಬಿಚ್ಚಬೇಕು, ನಾನಿರೋ ಕಡೆನೇ ನೀನಿರಬೇಕು" ಎಂದಿದ್ದರು. ಗಂಗಾವತಿಯ ತವರಿನಲ್ಲಿ ಅವ್ವ ಇಲ್ಲವಾಗಿ ಮೂರು ವರ್ಷವಾಗಿತ್ತು. ಇವರಿಗೆ ವರ್ಗವಾದರೆ ಕ್ವಾರ್ಟರ್ಸು ಬಿಡಬೇಕು. ಬಿಟ್ಟರೆ ಬಸ್ಸು ಹತ್ತಬೇಕು. ಆ ರಸ್ತೆಯ ಒಂದೊಂದು ಕುಳಿಯೂ ನನ್ನ ಕಣ್ಣ ಮುಂದೆ ಬಂತು. ಅನ್ನ ತಳ ಹಿಡಿದ ವಾಸನೆ ಬಂದಾಗಲೇ ನಾನು ನೆಲದ ಮೇಲೆ ಕೂತಿದ್ದೇನೆಂದು ಗೊತ್ತಾದದ್ದು.

ಗಾಡಿಯ ಜೊತೆಗೊಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ನಮ್ಮವರು ಓದಿದ್ದು ಕನ್ನಡ ಸಾಲಿಯಲ್ಲಿ. ನಾನು ಹೊಳೆಯಾಚೆಯ ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರುಗಳು ಕಸೂತಿಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕಟವಾಗಿರಬೇಕು ಎನ್ನುತ್ತಿದ್ದರು. ಅಲ್ಲಿ ಕಲಿತ ಇಂಗ್ಲಿಷು ಮದುವೆಯಾದ ಮೇಲೆ ಔಷಧಿ ಚೀಟಿ ಓದುವುದಕ್ಕಷ್ಟೇ ಉಪಯೋಗಕ್ಕೆ ಬಂದಿತ್ತು. ಎಣ್ಣೆ ಹೀರಿ ಪಾರದರ್ಶಕವಾಗಿದ್ದ ಆ ಹಾಳೆಗಳನ್ನು ಇವರು ಶನಿವಾರ ಬೆಳಿಗ್ಗೆ ತಂದು ನನ್ನ ತೊಡೆಯ ಮೇಲಿಟ್ಟರು.

"ಓದಿ ಹೇಳು. ತಟ್ಟಿ ಮಟ್ಟ ಮಾಡೂದು ಹೆಂಗ ಅಂತ ಬರದಾರೇನು?"

ನಾನು ಬೆರಳಿಟ್ಟು ಓದಿದೆ. "ಮೊದಲ ನಾಕೂ ಟೈರಿನ ಗಾಳಿ ನೋಡಬೇಕಂತ್ರಿ. ಸಪಾಟ ನೆಲದ ಮ್ಯಾಲೆ ಗಾಡಿ ನಿಂದರಿಸಿ, ಬ್ಲೇಡಿನ ತುದಿಯಿಂದ ನೆಲಕ್ಕ ಎಷ್ಟು ಅಂತರ ಐತಿ ಅಂತ ಎರಡೂ ಕಡೆ ಅಳೀಬೇಕಂತ. ಎರಡೂ ಸರಿಸಮ ಇರಬೇಕು. ಮುಂದಿನ ತುದಿ ಮಾತ್ರ ಹಿಂದಿಂದಕ್ಕಿಂತ ಒಂಚೂರು ಕೆಳಗ."

ಅವರು ನಕ್ಕರು. ಎರಡು ದಿನದಲ್ಲಿ ಅದೊಂದೇ ನಗೆ. "ನೆಲದಿಂದ ಅಳಿಯೂದು ಬಡಿಗ್ಯಾರ ಕೆಲಸ. ನಮ್ಮ ಹತ್ರ ರಸಮಟ್ಟ ಐತಿ. ಇಷ್ಟು ದೊಡ್ಡ ಡ್ಯಾಂ ಕಟ್ಟಿದ ಊರಾಗ ಅಳತಿ ಕಡ್ಡಿ ಹಿಡಕೊಂಡು ಕುಂದರಲೇನು?"

ಆ ಕಾಲೋನಿಯ ಗಂಡಸರಿಗೆ ರಸಮಟ್ಟವೆಂದರೆ ದೇವರು. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ಬಂತೆಂದರೆ ಮಾತು ಮುಗಿಯಿತು. ಬಾಗಿಲ ಚೌಕಟ್ಟು, ನೀರಿನ ಟಾಕಿ, ಮದುವೆ ಮನೆಯ ಹಂದರದ ಗಳಕ್ಕೂ ಅದನ್ನೇ ಇಟ್ಟು ನೋಡುತ್ತಿದ್ದರು. ನಾನು ಪುಸ್ತಕ ಮುಚ್ಚಿದೆ. ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ.

ಶನಿವಾರವಿಡೀ ವರ್ಕ್‌ಶಾಪಿನಲ್ಲಿ ತಟ್ಟೆಯ ಮೇಲೆ ರಸಮಟ್ಟ ಇಟ್ಟು, ಕಡ್ಡಿಗಳ ನಟ್ಟು ತಿರುವಿ, ಗುಳ್ಳೆಯನ್ನು ನಡುವೆ ತಂದರು. ಸ್ಟೋರಿನ ಹಿಂದಿನ ಹುಲ್ಲಿನಲ್ಲಿ ಓಡಿಸಿ ನೋಡಿದರೆ ಮತ್ತೆ ಬಲಗಡೆ ಬೋಳು. ವಾಪಸು ತಂದು ಇಟ್ಟರೆ ಗುಳ್ಳೆ ನಡುವೆಯೇ ಇತ್ತು. ಬ್ಲೇಡು ಡೊಂಕಾಗಿದೆಯೆಂದು ಬ್ಲೇಡು ಬದಲಿಸಿದರು, ಬೋಳು ಹೋಗಲಿಲ್ಲ. ಟೈರುಗಳಿಗೆ ಗಾಳಿ ಹೊಡೆದರು, ಹೋಗಲಿಲ್ಲ. ಸಂಜೆ ಮನೆಗೆ ಬಂದವರು ರೊಟ್ಟಿ ಮುರಿದು ಹಾಗೇ ತಟ್ಟೆಯಲ್ಲಿ ಬಿಟ್ಟರು. ಅವರ ಉಗುರಿನ ಸುತ್ತ ಕರಿ ಎಣ್ಣೆ ಗೆರೆ ಕಟ್ಟಿತ್ತು.

"ಗುಳ್ಳಿ ಸುಳ್ಳು ಹೇಳೂದಿಲ್ಲ. ಗಾಡಿಗೇನೋ ಬಡದೈತಿ" ಎಂದರು.

"ಯಲಬುರ್ಗಾಕ್ಕ ನೀವೊಬ್ಬರ ಹೋಗ್ರಿ, ನಾ ಇಲ್ಲೇ ಯಾರದರ ಮನ್ಯಾಗ..." ಎಂದು ನಾನು ಶುರುಮಾಡಿದೆ.

"ಯಾರ ಮನ್ಯಾಗ?" ಎಂದರು. ಹೊಟ್ಟೆಯಲ್ಲಿ ಕೂಸು ಒದ್ದಿತು. ಬೇರೆ ದಿನವಾಗಿದ್ದರೆ ಅವರ ಕೈ ಹಿಡಿದು ಅಲ್ಲಿಡುತ್ತಿದ್ದೆ. ಅಂದು ಸೆರಗು ಎಳೆದುಕೊಂಡೆ, ಒದ್ದದ್ದನ್ನು ಲೆಕ್ಕಕ್ಕೆ ಹಿಡಿದರೆ ಅದನ್ನೂ ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ.

ಭಾನುವಾರ ಬೆಳಿಗ್ಗೆ ಮಾಲಿ ಬಾಗಿಲಿಗೆ ಬಂದ. ವಯಸ್ಸಾದ ಮನುಷ್ಯ, ಕಾಲೋನಿಗೆಲ್ಲ ಅವನು ಮುತ್ಯಾ. "ಯವ್ವಾ, ಒಂದು ಕಾಯಿ, ಎರಡು ನಿಂಬಿಹಣ್ಣು, ಊದಿನಕಡ್ಡಿ ಕೊಡು. ಹೊಸಾ ಬೆಲ್ಟು ಹಾಕಿ ಪೂಜಿ ಇಲ್ದ ಹೊರಗ ತೆಗದೀವಿ. ಸಿಟ್ಟು ಬಂದೈತಿ ಅದಕ್ಕ" ಎಂದ.

ಸಿಸ್ಟರುಗಳು ನೋಡಿದ್ದರೆ ಏನನ್ನುತ್ತಿದ್ದರೋ. ನಾನು ಎಲ್ಲ ಜೋಡಿಸಿದೆ. ವರ್ಕ್‌ಶಾಪು ನಮ್ಮ ಮನೆಗೆ ಕೂಗಳತೆ ದೂರ. ಡಾಕ್ಟರು ಮಲಗಿರು ಎಂದಿದ್ದರೂ ಮಲಗಲಾಗಲಿಲ್ಲ. ಮೆಲ್ಲಗೆ ನಡೆದು ಹೋಗಿ ಬಾಗಿಲ ಬಳಿ ಒಂದು ಡಬ್ಬದ ಮೇಲೆ ಕೂತೆ.

ನಮ್ಮವರು ಕಾಯಿಗೆ ಕೈ ಹಾಕಿದರು. ಮುತ್ಯಾ ಫಟ್ಟನೆ ಕಸಿದುಕೊಂಡ. "ಏ, ಹೇಂತಿ ಬಸರಿದ್ದಾಗ ಗಂಡ ಕಾಯಿ ಒಡಿತಾನೇನೋ! ಎಂಜಿನ್ ಬಿಚ್ಚಾಕ ಬರ್ತೈತಿ, ಇದು ತಿಳಿಯೂದಿಲ್ಲ. ಸರಿ ಅತ್ತಾಗ."

ಅವನೇ ಗಾಡಿಯ ಮೂತಿಗೆ ಕುಂಕುಮ ಹಚ್ಚಿದ, ಊದಿನಕಡ್ಡಿಯನ್ನು ಸೀಟಿನ ಸಂದಿಯಲ್ಲಿ ಸಿಕ್ಕಿಸಿದ, ಮುಂದಿನ ಗಾಲಿಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟ. ಬಲಗಾಲಿಯ ಮುಂದಿನ ಹಣ್ಣು ಮೆಲ್ಲಗೆ ಹೊರಳಿತು. ಗಾಡಿಯ ಮುಂದಿನಿಂದಲೇ ಹಾದು, ಎಡಗಾಲಿಯ ಹಣ್ಣನ್ನೂ ತಟ್ಟಿ ಎಬ್ಬಿಸಿಕೊಂಡು, ಎರಡೂ ಜೋಡಿಯಾಗಿ ಎಡಗಡೆ ಗೋಡೆಯತ್ತ ಹೊರಟವು.

"ಏ ನಿಂದರ್ರಲೇ!" ಎಂದು ಮುತ್ಯಾ ಬಗ್ಗಿ ಹಿಡಿದು ತಂದು ಮತ್ತೆ ಇಟ್ಟ. ಮತ್ತೆ ಹೋದವು. ಅವನ ಮುಖ ಸಣ್ಣದಾಯಿತು. "ಹಣ್ಣು ನಿಂದರವಲ್ಲವು. ಶಕುನ ಛಲೋ ಇಲ್ಲ" ಎಂದ. ನಮ್ಮವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಹೊಟ್ಟೆಯಲ್ಲಿರುವ ಮೂರನೆಯದೂ ನಿಲ್ಲುವುದಿಲ್ಲ ಎಂದು ಯಾರೋ ನನಗೆ ಹೇಳಿದ ಹಾಗಾಯಿತು.

ಮುತ್ಯಾ ಮಂತ್ರವಿಲ್ಲದೆ ಕಾಯಿ ಒಡೆದ. ಕಾಯಿನೀರು ಸಿಮೆಂಟಿನ ಮೇಲೆ ಬಿತ್ತು. ಅದೂ ನಿಲ್ಲಲಿಲ್ಲ. ಸಣ್ಣ ನಾಲಿಗೆ ಚಾಚಿಕೊಂಡು, ನಿಂಬೆಹಣ್ಣು ಹೋದ ದಾರಿಯಲ್ಲೇ ಎಡಕ್ಕೆ ಹರಿದು ಗೋಡೆಯ ಬುಡದ ಚರಂಡಿಗೆ ಇಳಿಯಿತು. ಅದನ್ನೇ ನೋಡುತ್ತ ಕೂತೆ. ಬಚ್ಚಲು ತೊಳೆಯುವ ಹೆಂಗಸಿಗೆ ನೀರು ಯಾವ ಕಡೆ ಹೋಗುತ್ತದೆ ಎನ್ನುವುದು ಬೇರೆ ಹೇಳಿಕೊಡಬೇಕಾಗಿಲ್ಲ. ಜೀಪು ತೊಳೆದ ನೀರು ನಿಲ್ಲಬಾರದೆಂದು ಆ ನೆಲಕ್ಕೆ ಕಟ್ಟುವಾಗಲೇ ಚರಂಡಿಯ ಕಡೆ ಇಳಿಜಾರಾಗಿ ವಾಟ ಕೊಟ್ಟಿದ್ದರು.

"ರೀ," ಎಂದೆ. "ಈ ನೆಲಕ್ಕ ವಾಟ ಐತಿ ನೋಡ್ರಿ. ಗಾಡಿ ಎಡಕ್ಕ ಬಾಗಿ ನಿಂತೈತಿ."

"ಅದಕ್ಕೇನಾತು?"

"ಬಾಗಿದ ಗಾಡಿ ಮ್ಯಾಲೆ ಗುಳ್ಳಿ ನಡುವ ತಂದೀರಿ. ತಟ್ಟಿ ಮಟ್ಟ ಆತು, ಗಾಲಿಗೂ ತಟ್ಟಿಗೂ ಹೊಂದಿಕಿ ತಪ್ಪಿತು. ಹುಲ್ಲಿನ ಮ್ಯಾಲೆ ಗಾಡಿ ಸೆಟದು ನಿಂತ್ರ ಬಲಗಡೆ ತಟ್ಟಿ ಇಳೀತೈತಿ. ಅದಕ್ಕ ಪುಸ್ತಕದಾಗ ನೆಲದಿಂದ ಅಳೀರಿ ಅಂದಿದ್ದು."

ಬೈಯುತ್ತಾರೆ ಅಂದುಕೊಂಡೆ. ಅವರು ಮಗ್ಗಿನಲ್ಲಿ ನೀರು ತಂದು ಗಾಡಿಯ ಬಲಕ್ಕೆ ಸುರಿದರು. ನೀರು ಗಾಡಿಯ ಹೊಟ್ಟೆಯ ಕೆಳಗೆ ಹಾದು ಎಡಕ್ಕೆ ಬಂತು. "ಹತ್ತು ವರ್ಷ ಆತು ಈ ನೆಲದ ಮ್ಯಾಲೆ ಅಡ್ಡಾಡಾಕ ಹತ್ತಿ," ಎಂದರು, ಬೇರೆ ಯಾರಿಗೋ ಹೇಳುವವರಂತೆ.

ಮುತ್ಯಾ ಮಾತ್ರ ಸುಮ್ಮನಿರಲಿಲ್ಲ. "ನೋಡಿದ್ಯಾ, ಹಣ್ಣು ಹೇಳಿತು!"

ಗಾಡಿಯನ್ನು ಕ್ಲಬ್ಬಿನ ಬ್ಯಾಡ್ಮಿಂಟನ್ ಅಂಗಳಕ್ಕೆ ನೂಕಿಕೊಂಡು ಹೋದರು. ಅಲ್ಲಿಯ ಸಿಮೆಂಟು ಹಾಸು ಸಪಾಟು. ನಿಂಬೆಹಣ್ಣು ಇಟ್ಟಲ್ಲೇ ನಿಂತಿತು. ಪ್ಲಗ್ಗಿನ ವೈರು ಕಿತ್ತು, ಕೈಗೆ ಗೋಣಿ ಸುತ್ತಿಕೊಂಡು ಬ್ಲೇಡನ್ನು ಅಡ್ಡ ತಿರುಗಿಸಿದರು. ನಾನು ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಟ್ಟೆ. ಎಡ ತುದಿಗೂ ಬಲ ತುದಿಗೂ ಒಂದು ಬೆರಳಿನಷ್ಟು ವ್ಯತ್ಯಾಸ. ಬಲಗಡೆಯ ನಟ್ಟು ಅರ್ಧ ಸುತ್ತು, ಅಳತೆ. ಇನ್ನರ್ಧ ಸುತ್ತು, ಅಳತೆ. ಕಡ್ಡಿ ಎರಡೂ ಕಡೆ ಒಂದೇ ಸಮ ತಾಗಿದಾಗ ಬ್ಲೇಡನ್ನು ಹಿಂದುಮುಂದಾಗಿ ತಿರುಗಿಸಿ, ಮುಂದಿನ ತುದಿಯನ್ನು ಒಂಚೂರು ಇಳಿಸಿದರು. ನಾನು ಪುಸ್ತಕದ ಸಾಲನ್ನು ಎರಡು ಸಲ, ಮೂರು ಸಲ ಓದಿ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಸಂಜೆಯೊಳಗೆ ರಸ್ತೆ ಕಡೆಯ ಅರ್ಧ ಅಂಗಳ ಕೊಯ್ದಾಯಿತು. ಅಂಗೈ ಆಡಿಸಿದರೆ ಎಲ್ಲೂ ಏರುತಗ್ಗು ಸಿಕ್ಕುತ್ತಿರಲಿಲ್ಲ. ಬೋಳು ಪಟ್ಟೆಗಳ ಮೇಲೆ ಮುತ್ಯಾ ಹೂಕುಂಡಗಳನ್ನು ಸಾಲಾಗಿ ಇಟ್ಟ. ಸೋಮವಾರ ದೊಡ್ಡ ಸಾಹೇಬರು ಬಂದರು, ವರಾಂಡದಲ್ಲಿ ಕೂತು ಚಹಾ ಕುಡಿದರು, ಡ್ಯಾಂ ಕಡೆ ನೋಡಿದರು, ಹೊರಟುಹೋದರು. ಹುಲ್ಲಿನ ಕಡೆ ತಿರುಗಿದ್ದನ್ನು ಯಾರೂ ನೋಡಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ವರ್ಗದ ಆರ್ಡರ್ ಬಂತು. ಸಾಹೇಬರು ಬರೆದದ್ದಲ್ಲ, ಮೇಲಿನಿಂದಲೇ ಬಂದದ್ದು. ಊರು ಅದೇ, ಯಲಬುರ್ಗಾ. ನಾನು ಆ ಕಾಗದವನ್ನು ಎರಡು ಭಾಷೆಯಲ್ಲೂ ಓದಿದೆ. ಎರಡರಲ್ಲೂ ಒಂದೇ ಅರ್ಥ. ಅತ್ತು ಅತ್ತು ಸೊಂಟ ಹಿಡಿದುಕೊಂಡಿತು. ಅದಕ್ಕೇ ಹೆದರಿ ಅಳು ನಿಲ್ಲಿಸಿದೆ.

ನಮ್ಮವರು ಸಾಹೇಬರ ಮುಂದೆ ನಿಂತು ನನ್ನ ಸ್ಥಿತಿ ಹೇಳಿಕೊಂಡರಂತೆ. ಸಾಹೇಬರು ಕಾಗದ ಮಡಚುತ್ತ, "ನಿನ್ನ ಕಳಿಸಿಬಿಟ್ರೆ ಆ ದರಿದ್ರ ಗಾಡೀನ ಯಾರಯ್ಯ ಮಟ್ಟ ಮಾಡ್ತಾರೆ? ಬೇರೆಯವನು ಕಲಿಯೋ ತನಕ ರಿಲೀವ್ ಮಾಡಲ್ಲ, ಹೋಗು" ಎಂದರಂತೆ. ಕರುಣೆಯೋ, ಹುಲ್ಲಿನ ಚಿಂತೆಯೋ, ನನಗೆ ಇವತ್ತಿಗೂ ತಿಳಿಯದು. ಹೆರಿಗೆಯಾಗುವ ತನಕ ಪ್ಯೂನ್ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಹೊಟ್ಟೆಯ ಮೇಲೆ ಕೈ ಹೋಗುತ್ತಿತ್ತು. ಕಲಿಯಲು ಬಂದ ಹೊಸಬನಿಗೆ ನಮ್ಮವರು ನಟ್ಟಿನ ಹೆಸರೊಂದನ್ನೇ ವಾರಗಟ್ಟಲೆ ಕಲಿಸಿದರು.

ಹೊಲಿಗೆ ಬಿಚ್ಚಿದ್ದು ಅದೇ ಡಾಕ್ಟರು. ಹೆಣ್ಣುಮಗು. ಸಣ್ಣದಿತ್ತು, ಆದರೆ ಅತ್ತಿತು. ವಾರ್ಡಿನ ಕಿಟಕಿಯಿಂದ ಹುಲ್ಲುಗಾಡಿಯ ಸದ್ದು ಕೇಳುತ್ತಿತ್ತು, ಏರಿಳಿತವಿಲ್ಲದೆ.

ಮಗುವಿಗೆ ಮೂರು ತಿಂಗಳಾದಾಗ ರಿಲೀವ್ ಮಾಡಿದರು. ಯಲಬುರ್ಗಾ ಬಸ್ಸಿಗೆಂದು ಕೊಪ್ಪಳಕ್ಕೆ ಹೊರಟ ದಿನ ನಮ್ಮ ಬಸ್ಸು ಅತಿಥಿಗೃಹದ ಮುಂದೆ ಹಾಯಿತು. ಮುತ್ಯಾ ಗಾಡಿಯ ಮೇಲಿದ್ದ. ಗಾಡಿಯ ಬಲಗಡೆಯಿಂದ ಕೆಂಪು ಧೂಳು ಏಳುತ್ತಿತ್ತು.

"ಆ ಹೊಸಬ ಮತ್ತ ರಸಮಟ್ಟ ಇಟ್ಟಾನ ಮಗ" ಎಂದರು ನಮ್ಮವರು, ಕಿಟಕಿಯಿಂದ ಕುತ್ತಿಗೆ ಚಾಚಿ. ಇಳಿದೇಬಿಡುತ್ತಾರೇನೋ ಎಂದು ಅವರ ಅಂಗಿ ಹಿಡಿದುಕೊಂಡೆ. ಮುಂದೆ ಒಂದು ಕುಳಿ ಬಂತು. ಬಸ್ಸು ಎತ್ತಿಹಾಕಿತು. ಮಗು ನನ್ನ ತೊಡೆಯ ಮೇಲೆ ಎಚ್ಚರವಾಗಿ, ಬಾಯಿ ತೆರೆದು, ಮತ್ತೆ ನಿದ್ದೆಹೋಯಿತು.