ಚೀಟಿ ಇಲ್ಲದ ಗಾಡಿ

ನಮ್ಮ ಬನಹಟ್ಟಿಯ ಓಣಿಯಲ್ಲಿ ಗಾಡಿಗೆ ಹ್ಯಾಂಡಲ್ ಲಾಕ್ ಹಾಕುವವರನ್ನು ಸೊಕ್ಕಿನವರು ಅನ್ನುತ್ತಾರೆ. ಮನೆಮನೆಗೂ ಮಗ್ಗ, ಓಣಿಯೋ ಇಕ್ಕಟ್ಟು. ನೂಲು ಸುತ್ತಿದ ಬೀಮು ಹೇರಿದ ಕೈಗಾಡಿ ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದು. ಬಂದವರು ಅಡ್ಡ ನಿಂತ ಸ್ಕೂಟರನ್ನು ತಾವೇ ಸರಿಸಿ ದಾರಿ ಮಾಡಿಕೊಳ್ಳಬೇಕು. ನಾನು ಸ್ಕೂಟರ್ ಕಲಿತದ್ದೇ ಆ ಓಣಿಯಲ್ಲಿ, ಹೀಗಾಗಿ ಲಾಕ್ ಹಾಕುವ ರೂಢಿ ಕೈಗೆ ಬರಲೇ ಇಲ್ಲ. ಜಮಖಂಡಿಯಲ್ಲಿ ನಾನು ಸಿಕ್ಕಿಬಿದ್ದದ್ದು ಇದರಿಂದಲೇ.

ಅಕ್ಕನ ಎರಡೂ ಕಿಡ್ನಿ ಕೆಟ್ಟಿವೆ. ಮದುವೆಯಾಗಿ ಬೀಳಗಿಗೆ ಹೋಗಿದ್ದವಳು, ಗಂಡ ತೀರಿಕೊಂಡ ಮೇಲೆ ನನ್ನ ಮನೆಯಲ್ಲೇ ಇದ್ದಾಳೆ. ಮಂಗಳವಾರ, ಶುಕ್ರವಾರ ಅವಳಿಗೆ ಡಯಾಲಿಸಿಸ್. ಬಸ್ಸಿನಲ್ಲಿ ನಿಲ್ಲಲು ಅವಳಿಂದಾಗದು. ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನುಸುಳಿ, ಜಮಖಂಡಿಯ ಖಾಸಗಿ ಆಸ್ಪತ್ರೆಗೆ ಕರೆದೊಯ್ಯುತ್ತೇನೆ.

ಆಸ್ಪತ್ರೆಯ ಪಕ್ಕದ ಖಾಲಿ ಜಾಗಕ್ಕೆ ಹಗ್ಗ ಕಟ್ಟಿ, ಗುತ್ತಿಗೆದಾರನೊಬ್ಬ ಅದನ್ನು ಪಾರ್ಕಿಂಗ್ ಮಾಡಿಕೊಂಡಿದ್ದ. ನಾನು ಯಾವತ್ತೂ ಗಾಡಿಯನ್ನು ಅದರೊಳಗೆ ಹಾಕಿದವಳಲ್ಲ. ರಸ್ತೆಯಾಚೆಯ ಬೇವಿನ ಮರದ ಕೆಳಗೆ ನಿಲ್ಲಿಸುತ್ತಿದ್ದೆ. ಆ ಮಂಗಳವಾರ ಡಯಾಲಿಸಿಸ್ ಮುಗಿಸಿ ಅಕ್ಕನ ರಟ್ಟೆ ಹಿಡಿದು ಹೊರಗೆ ಬಂದರೆ ಮರದ ಕೆಳಗೆ ಸ್ಕೂಟರಿಲ್ಲ. ಸುತ್ತ ಹುಡುಕಿದೆ. ನೋಡಿದರೆ, ಹಗ್ಗದೊಳಗೆ ನಿಂತಿದೆ.

“ಚೀಟಿ ಕೊಡ್ರಿ,” ಅಂದ, ಸೀಟಿ ಕೊರಳಿಗೆ ಹಾಕಿಕೊಂಡಿದ್ದ ಕಾವಲಿನವನು.

“ಚೀಟಿ ಎಲ್ಲಿಂದ ತರ್ಲಿ? ನಾ ಇಲ್ಲಿ ಗಾಡಿ ಹಚ್ಚೇ ಇಲ್ಲ. ನೀವು ಎಳಕೊಂಡು ಬಂದೀರಿ.”

“ಗಾಡಿ ಒಳಗ ಐತಿಲ್ಲೋ? ಒಳಗಿನ ಗಾಡಿಗೆ ಚೀಟಿ ಇಲ್ಲಂದ್ರ ದಂಡ. ಬೋರ್ಡ್ ಓದ್ರಿ.”

ಬೋರ್ಡಿನಲ್ಲಿ ಹಾಗೇ ಬರೆದಿತ್ತು. ನನ್ನ ಸ್ಕೂಟರ್ ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅದನ್ನು ಎತ್ತಿ ಹಾಗೆ ನಿಲ್ಲಿಸುವ ತಾಕತ್ತು ನನಗಿಲ್ಲ. ನಾನು ಯಾವಾಗಲೂ ಅದನ್ನು ಒಂದು ಬದಿಗೆ ವಾಲಿಸಿಯೇ ನಿಲ್ಲಿಸುವುದು. ಅದನ್ನೇ ತೋರಿಸಿ ಕೇಳಿದೆ. “ಯಾರ ಹಾಕಿದ್ರೋ ನಂಗೇನ ಗೊತ್ರಿ,” ಅಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಹಗಲುದರೋಡೆಯನ್ನು ಇಷ್ಟು ತಣ್ಣಗೆ ಮಾಡುವವರನ್ನು ನಾನು ಕಂಡಿರಲಿಲ್ಲ. ನಾನು ಕಿರುಚಾಡಿದೆ. ಸುತ್ತ ಮಂದಿ ನೆರೆದು ನೋಡತೊಡಗಿದರು.

ಅಕ್ಕ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು. ಡಯಾಲಿಸಿಸ್ ಆದಮೇಲೆ ಅವಳಿಗೆ ಬಿ.ಪಿ. ಇಳಿಯುತ್ತದೆ. “ಕೊಟ್ಟುಬಿಡ ತಂಗಿ,” ಅಂದಳು, “ನನ್ನ ಕಣ್ಣಿಗೆ ಕತ್ತಲ ಬರಾಕತ್ತೈತಿ.” ಕೊಟ್ಟೆ. ಅವನು ದಂಡದ ಪಾವತಿ ಚೀಟಿ ಹರಿದು ಕೈಗಿತ್ತ.

ದಾರಿಯಲ್ಲಿ ಅವಳು ನನ್ನ ಬೆನ್ನಿಗೆ ತಲೆಯಿಟ್ಟು ಹೇಳಿದಳು: “ಶುಕ್ರವಾರ ನಾ ಬರೂದಿಲ್ಲ. ಸಾಕಾತು ನನಗ. ನನ್ನ ಸಲುವಾಗಿ ನೀ ಬೀದ್ಯಾಗ ನಿಂತು ಮಂದಿ ಕೈಲಿ ಅನಿಸ್ಕೊಳ್ಳೂದು ಬ್ಯಾಡ.”

ಬೇಸರದ ಮಾತು, ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮುಖ ಬಾತಿತ್ತು. ಸರದಿ ತಪ್ಪಿಸಿದರೆ ಎದೆಯಲ್ಲಿ ನೀರು ತುಂಬುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಿಸಿದೆ. “ತುಂಬಲಿ,” ಅಂದಳು. ಬೈದೆ, ಅತ್ತೆ, ಕಾಲು ಹಿಡಿದೆ. ಹೊರಗೆ ಮಗ್ಗಗಳು ತಮ್ಮ ಪಾಡಿಗೆ ಬಡಿದುಕೊಳ್ಳುತ್ತಿದ್ದವು. ನನಗೆ ಇರುವವಳು ಅವಳೊಬ್ಬಳೇ. ಅವಳೋ, ಸಾಯಲು ತಯಾರಾಗಿ ಮಲಗಿದ್ದಾಳೆ. ಏನು ಮಾಡಬೇಕೋ ತಿಳಿಯದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಆತು, ಸೂಜಿ ಚುಚ್ಚಿಸ್ಕೋಬ್ಯಾಡ. ಆದ್ರ ನಾ ಆ ದಂಡದ ಮ್ಯಾಲ ತಕರಾರ ಕೊಡಾಕ ಹೊಂಟೇನಿ. ಬೇವಿನ ಗಿಡದ ಕೆಳಗ ಗಾಡಿ ಹಚ್ಚಿದ್ದನ್ನ ನೋಡಿದಾಕಿ ನೀ ಒಬ್ಬಾಕಿನ. ನೀ ಬರಲಿಲ್ಲಂದ್ರ ನಾನ ಸುಳ್ಳಿ ಆಗ್ತೇನಿ.”

ಅಕ್ಕ ಈ ಕಡೆ ಹೊರಳಿದಳು. ಆಮೇಲೆ ನಿಧಾನಕ್ಕೆ ಎದ್ದು ಕೂತಳು. “ಸಾಕ್ಷಿ ಹೇಳಿ ಬಂದುಬಿಡ್ತೇನಿ, ಅಷ್ಟ ಮತ್ತ,” ಅಂದಳು.

ಆಸ್ಪತ್ರೆಯ ಮ್ಯಾನೇಜರು ಮಧ್ಯಾಹ್ನಕ್ಕೆ ಸಿಗುತ್ತಾರೆಂದು ಗೊತ್ತಾಯಿತು. ಮೇಲೆ ಡಯಾಲಿಸಿಸ್ ಕೋಣೆಯಲ್ಲಿ ಅವಳ ಹಾಸಿಗೆ ಖಾಲಿ ಇತ್ತು. “ಇಲ್ಲಿ ಕುಂತರ ಏನ ಮಾಡ್ತಿ, ಅಲ್ಲೇ ಮಲಕ್ಕೋ,” ಅಂದೆ. ನನ್ನ ಮುಖ ನೋಡಿದಳು. ಹೋಗಿ ಮಲಗಿ, ಸೂಜಿಗೆ ಕೈ ಚಾಚಿದಳು.

ಅಲ್ಲಿಂದ ನಮ್ಮ ತಿರುಗಾಟ ಶುರುವಾಯಿತು. ಪಾರ್ಕಿಂಗ್ ಗುತ್ತಿಗೆದಾರನದು ಅಂದರು ಮ್ಯಾನೇಜರು. ನಿಯಮ ಆಸ್ಪತ್ರೆಯದು ಅಂದ ಗುತ್ತಿಗೆದಾರನ ಗುಮಾಸ್ತ. ಖಾಸಗಿ ಜಾಗ, ನಮಗೆ ಬರುವುದಿಲ್ಲ ಅಂದರು ನಗರಸಭೆಯವರು. ಎಲ್ಲರೂ ಕೊನೆಗೆ “ಮಂಗಳವಾರ ಬರ್ರಿ”, “ಶುಕ್ರವಾರ ನೋಡೂಣು” ಅನ್ನುತ್ತಿದ್ದರು. ಬೇರೆ ದಿನಗಳಲ್ಲಾಗಿದ್ದರೆ ಇಂಥವರಿಗೆ ಹಿಡಿಶಾಪ ಹಾಕುತ್ತಿದ್ದೆ. ಈಗ ಒಳಗೊಳಗೇ ಅವರಿಗೆಲ್ಲ ಕೈಮುಗಿಯುತ್ತಿದ್ದೆ. ಅಕ್ಕ ಪ್ರತಿ ಸಲ ಡಯಾಲಿಸಿಸ್ ಮುಗಿಸಿಕೊಂಡು ಸಾಕ್ಷಿ ಹೇಳುತ್ತಿದ್ದಳು, ಹೇಳಿದಂತೆಲ್ಲ ದನಿ ಗಟ್ಟಿಯಾಗುತ್ತಿತ್ತು. ಒಮ್ಮೆ ಗುಮಾಸ್ತನಿಗೆ “ಸುಳ್ಳ ಬೋರ್ಡ್ ಹಾಕಿ ಹೊಟ್ಟಿ ಹೊರಕೊಳ್ಳಾಕ ನಾಚಿಕಿ ಬರೂದಿಲ್ಲೇನ್ರಿ,” ಎಂದು ಕೇಳಿಯೇಬಿಟ್ಟಳು. ನನಗೆ ಮಾತ್ರ ದಿನವೂ ಒಂದೇ ಹೆದರಿಕೆ. ಇವರು ಸೋತುಬಿಟ್ಟರೆ ಏನು ಗತಿ?

ಕೊನೆಗೂ ಸೋತರು. ಹೋದ ಮಂಗಳವಾರ ನಾವು ಹೊರಗೆ ಬರುವುದನ್ನೇ ಕಾಯುತ್ತ ಗುತ್ತಿಗೆದಾರನೇ ನಿಂತಿದ್ದ. “ನಮ್ಮ ಮಂದಿದ ತಪ್ಪ ಐತ್ರಿ, ಬಾಯಾರ. ದಿನಾ ಹಿಂಗ ಎಳದ ಹಾಕತಿದ್ರಂತ,” ಎಂದು ದಂಡದ ದುಡ್ಡು ಮುಂದೆ ಚಾಚಿದ. “ತಗೋರಿ. ಇನ್ನ ಇದನ್ನ ಮುಗಸ್ರಿ.”

ನನ್ನ ಕೈ ಮುಂದೆ ಹೋಗಲಿಲ್ಲ. ತಗೊಂಡರೆ ಶುಕ್ರವಾರ ಅಕ್ಕನನ್ನು ಏನೆಂದು ಎಬ್ಬಿಸಲಿ? ಒಲ್ಲೆ ಅನ್ನಲು ಯಾವ ನೆಪವೂ ಹೊಳೆಯಲಿಲ್ಲ. ಅವಳ ಕಡೆ ನೋಡಿದೆ. ಪಟ್ಟಿ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದ ಅಕ್ಕ, ಇನ್ನೊಂದು ಕೈಯಿಂದ ಅವನ ಕೈಯನ್ನು ಹಿಂದಕ್ಕೆ ಸರಿಸಿದಳು.

“ನಮ್ಮ ಒಬ್ಬರದ ಕೊಟ್ರ ಮುಗೀತೇನ್ರಿ? ಯಾರ್ಯಾರ ಗಾಡಿ ಎಳದ ಹಾಕೀರಿ, ಎಲ್ಲಾರದೂ ತಿರಗಿ ಕೊಡ್ರಿ. ಬೋರ್ಡ್ ತಗೀರಿ. ಶುಕ್ರವಾರ ಬಂದು ನೋಡ್ತೇವಿ.”

ಅವನು ಏನೋ ಹೇಳುತ್ತಿದ್ದ, ಅಕ್ಕ ನಿಲ್ಲಲಿಲ್ಲ. ನಾನು ಗಾಡಿ ಚಾಲೂ ಮಾಡಿದೆ. ಊರು ದಾಟಿದ ಮೇಲೆ ಅವಳು ನನ್ನ ಸೊಂಟ ಹಿಡಿದು, ಕಿವಿಯ ಹತ್ತಿರ ಬಾಗಿ ಹೇಳಿದಳು:

“ಅವಾ ಲಗೂನ ಬೋರ್ಡ್ ತಗೀಬಾರದು ನೋಡ, ತಂಗಿ.”