ಅಪ್ಪ ಬಿಟ್ಟ ಬ್ಲೇಡು

ದಾವಣಗೆರೆಯ ವಿನೋಬನಗರದ ನಮ್ಮ ಮನೆಯಲ್ಲಿ ಬ್ಲೇಡು ಅಂದರೆ ಅಪ್ಪನ ಗಡ್ಡಕ್ಕೆ ಇನ್ನು ಆಗದ್ದು ಅಂತಲೇ ಅರ್ಥ. ಆಗುವಂಥದ್ದನ್ನು ‘ಅಪ್ಪನ ಬ್ಲೇಡು’ ಎನ್ನಬೇಕಿತ್ತು. ಅದು ಕನ್ನಡಿ ಪಕ್ಕದ ಗೂಡಿನಲ್ಲಿ ಕಾಗದದ ಅಂಗಿ ತೊಟ್ಟು, ದೇವರಿಗಿಂತ ಮಡಿಯಾಗಿ ಕೂತಿರುತ್ತಿತ್ತು. ಅಪ್ಪ ಕೆರೆದು ಕೆರೆದು ಸಾಕಾದ ಮೇಲೆ ಅದು ಹೆಂಗಸರ ಪಾಲು. ಅವ್ವ ಅದರಲ್ಲೇ ಉಗುರು ತೆಗೆಯಬೇಕು, ನಾನು ಅದರಲ್ಲೇ ಹೊಲಿಗೆ ಬಿಚ್ಚಬೇಕು. ಮಂಡಿಪೇಟೆಯಲ್ಲಿ ರಾಶಿಗಟ್ಟಲೆ ಸಿಗುವ ಆ ತಗಡಿನ ಚೂರಿಗೆ ಕೊಡುತ್ತಿದ್ದ ಮರ್ಯಾದೆಯಲ್ಲಿ ಕಾಲುಭಾಗವನ್ನೂ ಆ ಮನುಷ್ಯ ಅವ್ವನಿಗೆ ಕೊಟ್ಟವನಲ್ಲ.

ತೊಂಬತ್ತರ ದಶಕದ ಕೊನೆ. ಅಕ್ಕನನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬರುವ ದಿನ ಅವಳ ರೇಷ್ಮೆ ರವಿಕೆ ತೋಳಿನಲ್ಲಿ ಬಿಗಿಯಾಗಿ ಕೂತಿತು. ಅಕ್ಕನಿಗೆ ಈ ಸಂಬಂಧ ಬೇಕೇ ಬೇಕಿತ್ತು. ಗಂಡನ್ನು ಅವಳಿನ್ನೂ ನೋಡಿರಲಿಲ್ಲ; ಅವಳಿಗೆ ಬೇಕಿದ್ದದ್ದು ಈ ಮನೆಯಿಂದ ಆಚೆ ಹೋಗುವುದು.

"ಹೆಂಗಾದ್ರೂ ಮಾಡಿ ಬಿಚ್ಚಿಕೊಡೇ. ಅಲ್ಲಾದ್ರೂ ಮನುಷ್ಯರ ಹಂಗೆ ಇರಬೋದು," ಎಂದಳು.

ಹಳೇ ಬ್ಲೇಡು ದಾರ ಬಿಟ್ಟು ಬಟ್ಟೆಯನ್ನೇ ಎಳೆಯುತ್ತಿತ್ತು. ನಾನು ಎದ್ದು ಹೋಗಿ ಗೂಡಿನಲ್ಲಿ ಉಳಿದಿದ್ದ ಒಂದೇ ಹೊಸ ಬ್ಲೇಡಿನ ಕಾಗದ ಬಿಚ್ಚಿದೆ. ಹೊಲಿಗೆ ಸಲೀಸಾಗಿ ಬಿಟ್ಟುಕೊಂಡಿತು.

ಅಷ್ಟರಲ್ಲಿ ಅಪ್ಪ ಮುಖಕ್ಕೆಲ್ಲ ನೊರೆ ಹಚ್ಚಿಕೊಂಡು ಬಂದ. "ನನ್ ಬ್ಲೇಡ್ ಎಲ್ಲೈತೆ?"

"ತಗಳಪ್ಪಾ. ತೋಳು ಬಿಚ್ಚಿದ್ದಷ್ಟೆ."

"ಹೆಂಗಸ್ರು ಬಳಸಿದ್ದನ್ನ ಮುಖಕ್ಕೆ ಮುಟ್ಟಿಸ್ಲಾ? ಬ್ಯಾಡ, ನೀವೇ ಇಟ್ಕಳ್ರಿ!"

ದಿನಾ ಹೆಂಗಸರು ತಟ್ಟಿದ ರೊಟ್ಟಿ ತಿನ್ನುವ ಬಾಯಿಗೆ ಆಗದ ಮೈಲಿಗೆ ಅವನ ಗಡ್ಡಕ್ಕೆ ಆಗಿತ್ತು! ಬಾಗಿಲಲ್ಲಿ ಆಟೋ ನಿಂತಿತು. ಅಪ್ಪ ಟವಲಿನಲ್ಲಿ ನೊರೆ ಒರೆಸಿಕೊಂಡು, ಕುರುಚಲು ಗಡ್ಡದಲ್ಲೇ "ಬರ್ರಿ, ಕೂಡ್ರಿ" ಎಂದು ಹಲ್ಲು ಕಿರಿದ. ಅಂಥ ಮುಖ ನೋಡಿಯೂ ಅವರು ಒಪ್ಪಿಕೊಂಡರು. ಅಕ್ಕನ ಪುಣ್ಯ ಅಂದುಕೊಂಡೆ.

ಅಕ್ಕನ ಮದುವೆಯಾಗಿ ಕೆಲವು ತಿಂಗಳಿಗೆ ನಾನು ಹರಿಹರಕ್ಕೆ ಹೋದೆ. ಅಕ್ಕ ಮೈ ತುಂಬಿಕೊಂಡು ಮನೆತುಂಬ ಓಡಾಡುತ್ತಿದ್ದಳು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ನನ್ನ ಚೂಡಿದಾರದ ಅಂಚಿನಲ್ಲಿ ದಾರವೊಂದು ಜೋತಾಡುತ್ತಿತ್ತು. ನಡುಮನೆಯಿಂದಲೇ ಕೂಗಿದೆ:

"ಅಕ್ಕಾ, ಬ್ಲೇಡ್ ಐತೇನು?"

ಅಡುಗೆಮನೆಯಿಂದ ಅವಳು ಆರಾಮಾಗಿ ಹೇಳಿದಳು: "ಇನ್ನೂ ಎರಡು ದಿನ ತಡಿಯೇ, ನಿಮ್ ಭಾವಂದು ಮುಗೀಲಿ."

ನಾನು ದಾರವನ್ನು ಹಲ್ಲಿನಲ್ಲೇ ಕಡಿದು ಉಗುಳಿದೆ.